ಹಾಳೆಯಲ್ಲಿ 1001, ಕಿವಿಯಲ್ಲಿ 1011

2022ರ ಮೇ 23ರಂದು ಪ್ಯಾರಿಸ್‌ನ ಷಾರ್ಲ್ ದ ಗಾಲ್ ನಿಲ್ದಾಣದತ್ತ ಏರ್‌ಬಸ್ ಎ320 ಒಂದು ಮಳೆಯಲ್ಲಿ ಇಳಿಯುತ್ತಿತ್ತು. ಒಳಗೆ 170ಕ್ಕೂ ಹೆಚ್ಚು ಜನ. ಅಲ್ಲಿನ ಗಾಳಿಯೊತ್ತಡ 1001 ಹೆಕ್ಟೊಪಾಸ್ಕಲ್. ಕಂಟ್ರೋಲರ್ ಹೇಳಿದ್ದು 1011. ಪೈಲಟ್ ಅದನ್ನೇ ತಿರುಗಿ ಒಪ್ಪಿಸಿದರು, ಒತ್ತಡದ ಲೆಕ್ಕದಲ್ಲಿ ಎತ್ತರ ತೋರಿಸುವ ಆಲ್ಟಿಮೀಟರ್‌ನಲ್ಲೂ ಅದನ್ನೇ ಕೂರಿಸಿದರು.

ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಸುಮಾರು 28 ಅಡಿ ತಪ್ಪುತ್ತದೆ. ಹತ್ತಕ್ಕೆ 280 ಅಡಿ. ಅಷ್ಟು ಎತ್ತರ ಉಪಕರಣದಲ್ಲಿತ್ತು, ವಿಮಾನದ ಕೆಳಗಿರಲಿಲ್ಲ. ರನ್‌ವೇ ಇನ್ನೂ ಒಂದೂವರೆ ಕಿಲೋಮೀಟರ್ ಇರುವಾಗ ವಿಮಾನ ನೆಲಕ್ಕೆ ಕೇವಲ 6 ಅಡಿ ಹತ್ತಿರ ಬಂದಿತ್ತು. ರನ್‌ವೇ ಕಾಣಲಿಲ್ಲವೆಂದು ಪೈಲಟ್‌ಗಳು ಮೇಲೇರಿದ್ದರಿಂದ ಎಲ್ಲರೂ ಉಳಿದರು. ಎಷ್ಟು ಕೆಳಗಿದ್ದೇವೆ ಎಂಬುದು ಆಗ ಅವರಿಗೇ ಗೊತ್ತಿರಲಿಲ್ಲ. ಎರಡನೇ ಸಲ ಇಳಿಯಲು ಬಂದದ್ದೂ ಅದೇ ತಪ್ಪು ಅಂಕಿಯೊಂದಿಗೆ!

ಇದು ದುರದೃಷ್ಟವಲ್ಲ, ಉಡಾಫೆ. ನಿಲ್ದಾಣದ ಹವಾಮಾನ ಪ್ರಸಾರದಿಂದ 1001 ಎಂದು ಪೈಲಟ್‌ಗಳೇ ಮೊದಲು ಗುರುತು ಹಾಕಿಕೊಂಡಿದ್ದರು. ಕಿವಿಗೆ ಬಿದ್ದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಲು ಎರಡು ಸೆಕೆಂಡು ಸಾಕಿತ್ತು. ಕಂಟ್ರೋಲರ್ ಕೂಡ ಕಡಿಮೆಯೇನಲ್ಲ. ಇನ್ನೊಂದು ವಿಮಾನದವರು 1001 ಎಂದು ಸರಿಯಾಗಿಯೇ ತಿರುಗಿ ಹೇಳಿದ್ದರು. ಆ ವ್ಯತ್ಯಾಸ ಕಂಟ್ರೋಲರ್ ಕಿವಿಯನ್ನು ತಟ್ಟಲಿಲ್ಲ. ತಿರುಗಿ ಹೇಳಿಸುವುದು ಕೇಳಿಸಿಕೊಳ್ಳುವುದಕ್ಕೆ. ಕೇಳಿಸಿಕೊಳ್ಳದಿದ್ದರೆ ಅದು ಬರೀ ಗಿಣಿಪಾಠ.

‘ರಾಡಾರ್‌ನಲ್ಲಿ ನಮ್ಮ ಎತ್ತರ ಕಾಣುತ್ತದಲ್ಲ’ ಎಂಬ ನೆಮ್ಮದಿಯೂ ಬೇಡ. ಪೈಲಟ್ ಯಾವ ಅಂಕಿ ಕೂರಿಸಿದರೂ ವಿಮಾನದ ಟ್ರಾನ್ಸ್‌ಪಾಂಡರ್ ರಾಡಾರ್‌ಗೆ ಎತ್ತರ ಕಳಿಸುವುದು ಪ್ರಮಾಣಿತ ಒತ್ತಡವಾದ 1013ರ ಲೆಕ್ಕದಲ್ಲಿ. ಅದಕ್ಕೆ ಸ್ಥಳೀಯ ಒತ್ತಡ ಸೇರಿಸಿ ತಿದ್ದುವುದು ನೆಲದ ಕಂಪ್ಯೂಟರ್. ಹಾಗಾಗಿ ಪರದೆಯ ಮೇಲೆ ನಿಜ ಕಂಡರೂ ಕಾಕ್‌ಪಿಟ್‌ನಲ್ಲಿ ಸುಳ್ಳು ಕೂತಿರಬಹುದು. ಪ್ಯಾರಿಸ್‌ನಲ್ಲಿ ನೆಲದ ಎಚ್ಚರಿಕೆ ಗಂಟೆ ಬಾರಿಸಿತು. ಆದರೆ ಎತ್ತರ ನೋಡಿಕೊಳ್ಳಿ, ಒತ್ತಡ ಇಷ್ಟು ಎಂದು ನಿಯಮದಂತೆ ಹೇಳಬೇಕಾದ ಕಂಟ್ರೋಲರ್, ಎಲ್ಲಾ ಸರಿಯಿದೆಯೇ ಎಂದು ವಿಚಾರಿಸಿದರು.

ಪರದೆಯಲ್ಲಿ ಎತ್ತರವೇ ಕಾಣದ ಕಾಲವನ್ನು ನಮ್ಮ ದೇಶ ಕಂಡಿದೆ. 1996ರ ನವೆಂಬರ್ 12ರಂದು ಚರ್ಖಿ ದಾದ್ರಿಯ ಮೇಲೆ, 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಕ್ ವಿಮಾನ ಇನ್ನೂ ಕೆಳಗಿಳಿದು ಸೌದಿ ವಿಮಾನಕ್ಕೆ ಬಡಿಯಿತು. ಆಗಿನ ದೆಹಲಿ ರಾಡಾರ್ ಎತ್ತರ ತೋರಿಸುತ್ತಿರಲಿಲ್ಲ, ಬಾಯಿಮಾತೇ ಆಧಾರ. 349 ಜನ ಸತ್ತರು. ಇಂದು ಎಲ್ಲ ಸಲಕರಣೆಯೂ ಕೈಯಲ್ಲಿರುವಾಗ ಅಸಡ್ಡೆ ಮಾಡುವವರಿಗೆ ಕ್ಷಮೆಯಿಲ್ಲ.

ಪೈಲಟ್‌ಗಳೇ, ಕಂಟ್ರೋಲರ್‌ಗಳೇ, ಹಾಳೆಯ ಅಂಕಿಗೂ ಕಿವಿಯ ಅಂಕಿಗೂ ತಾಳೆಯಾಗದಿದ್ದರೆ ಇನ್ನೊಮ್ಮೆ ಕೇಳಿ. ಇಳಿಯುವ ಮೊದಲೇ ಕೇಳಿ.