ಲಸಿಕೆಯ ಲೆಕ್ಕ ಸರಿಯಾಗಿರಲಿ

'ನರ್ಸಿಂಗ್ ಹೋಮ್' ಎಂದರೆ ನಮಗೆ ಹೆರಿಗೆಗೋ ಆಪರೇಷನ್‌ಗೋ ಸೇರುವ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅದು, ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದ ವೃದ್ಧರು ವರ್ಷಗಟ್ಟಲೆ ಇರುವ ಶುಶ್ರೂಷಾ ಗೃಹ. ಸರ್ಕಾರದ ಹಣ ಪಡೆಯುವ ಇಂಥ ಗೃಹಗಳು ಪ್ರತಿಯೊಬ್ಬ ನಿವಾಸಿಯ ಸ್ಥಿತಿಯನ್ನೂ ಕಾಲಕಾಲಕ್ಕೆ ಪರೀಕ್ಷಿಸಿ, ನಿಗದಿತ ನಮೂನೆಯಲ್ಲಿ ಸಂಕೇತಗಳ ಮೂಲಕ ದಾಖಲಿಸಬೇಕು. 2010ರಲ್ಲಿ ಜಾರಿಗೆ ಬಂದ ಈ ನಮೂನೆಯ ಹೆಸರು 'ಎಂ.ಡಿ.ಎಸ್. 3.0'.

ಅದರಲ್ಲೊಂದು ಪ್ರಶ್ನೆ: ಈ ಋತುವಿನ ಫ್ಲೂ ಲಸಿಕೆಯನ್ನು ಗೃಹದಲ್ಲಿ ಹಾಕಲಾಗಿದೆಯೇ? ಹಾಕಿದ್ದರೆ ದಿನಾಂಕ ಬರೆಯಬೇಕು. ಇಲ್ಲವಾದರೆ ಕಾರಣ ಬರೆಯಬೇಕು: ಹೊರಗೆ ಹಾಕಿಸಿಕೊಂಡಿದ್ದಾರೆ, ವೈದ್ಯಕೀಯ ಕಾರಣದಿಂದ ಹಾಕುವಂತಿಲ್ಲ, ಬೇಡವೆಂದರು, ಕೇಳಿಯೇ ಇಲ್ಲ, ಇತ್ಯಾದಿ. ಗೃಹಗಳ ಗುಣಮಟ್ಟ ಅಳೆಯುವಾಗ 'ಕೇಳಿದೆವು, ಬೇಡವೆಂದರು' ಎಂಬುದು ಗೃಹದ ಪರವಾಗಿಯೇ ಎಣಿಕೆಯಾಗುತ್ತದೆ. 'ಕೇಳಿಲ್ಲ' ಎಂಬುದು ಆಗುವುದಿಲ್ಲ. ಹಾಗಾಗಿ ಕೇಳದೆಯೇ 'ಬೇಡವೆಂದರು' ಎಂದು ಬರೆದರೆ ಕಾಗದದಲ್ಲಿ ಎಲ್ಲವೂ ಸರಿ. ಹಾಸಿಗೆಯಲ್ಲಿರುವ ಅಜ್ಜಿಗೆ ಮಾತ್ರ ರಕ್ಷಣೆಯಿಲ್ಲ. ಇದು ಗುಮಾಸ್ತೆಯ ತಪ್ಪಲ್ಲ, ಚಿಕಿತ್ಸೆಯ ತಪ್ಪು ಎಂಬುದು ನನ್ನ ಅಭಿಪ್ರಾಯ.

ಕಾಯಿಲೆಯ ದಾಖಲೆಯೂ ಅಷ್ಟೇ ಮುಖ್ಯ. ವಯಸ್ಸಾದವರಲ್ಲಿ ಫ್ಲೂ ಬಂದಾಗ ಜ್ವರ ಏರದೇ ಇರಬಹುದು. ಮಂಕು ಕವಿಯುವುದು, ಊಟ ಬಿಡುವುದು ಇಷ್ಟೇ ಕಾಣಬಹುದು. ಅದನ್ನು 'ನೆಗಡಿ' ಎಂದು ಬರೆದುಬಿಟ್ಟರೆ ಪಕ್ಕದ ಕೋಣೆಯವರಿಗೆ ಎಚ್ಚರಿಕೆ ತಲುಪುವುದಿಲ್ಲ. 72 ಗಂಟೆಗಳೊಳಗೆ ಇಬ್ಬರು ಹಾಸಿಗೆ ಹಿಡಿದು, ಒಬ್ಬರಿಗಾದರೂ ಪರೀಕ್ಷೆಯಲ್ಲಿ ಫ್ಲೂ ಖಚಿತವಾದರೆ, ಆ ವಿಭಾಗದ ಆರೋಗ್ಯವಂತರಿಗೂ ವೈರಸ್ ನಿರೋಧಕ ಔಷಧಿ ಕೊಡಬೇಕೆಂಬುದು ಅಲ್ಲಿನ ಸಲಹೆ. ಸರಿಯಾದ ಹೆಸರು ಬರೆಯದಿದ್ದರೆ ಈ ಎಣಿಕೆ ಶುರುವಾಗುವುದೇ ಇಲ್ಲ. ಹಾಗೆಂದು ಎಲ್ಲ ಕೆಮ್ಮನ್ನೂ ಫ್ಲೂ ಎನ್ನುವಂತಿಲ್ಲ. ವೈರಸ್ ಪತ್ತೆಯಾದ ಫ್ಲೂಗೂ ಪತ್ತೆಯಾಗದ ಫ್ಲೂಗೂ ಬೇರೆ ಬೇರೆ ಸಂಕೇತಗಳಿವೆ.

ನಿಮ್ಮ ಹಿರಿಯರು ಯಾರಾದರೂ ಅಲ್ಲಿ ಇಂಥ ಗೃಹದಲ್ಲಿದ್ದರೆ ಸುಮ್ಮನಿರಬೇಡಿ. ಹೊರಗೆ ಲಸಿಕೆ ಹಾಕಿಸಿದ್ದರೆ ದಿನಾಂಕವಿರುವ ಚೀಟಿಯನ್ನು ಗೃಹಕ್ಕೆ ಕೊಡಿ. ಹಾಕಿಸಿಲ್ಲವಾದರೆ ಏನು ಕಾರಣ ಬರೆದಿದ್ದಾರೆಂದು ಕೇಳಿ. ಫ್ಲೂ ಲಸಿಕೆಯನ್ನು ಪ್ರತಿ ವರ್ಷವೂ ಹಾಕಿಸಬೇಕು. ಹೋದ ವರ್ಷದ ಚೀಟಿ ಈ ವರ್ಷಕ್ಕೆ ಸಾಲದು. ಇಲ್ಲಿ ಮನೆಯಲ್ಲೇ ಇರುವ ಅಪ್ಪ ಅಮ್ಮಂದಿರಿಗೆ ಯಾವ ನಮೂನೆಯೂ ಇಲ್ಲ. ಅವರ ಲಸಿಕೆಯ ದಿನಾಂಕವನ್ನು ಒಂದು ಪುಸ್ತಕದಲ್ಲಿ ನೀವೇ ಬರೆದಿಡಿ.