ನೀಲಕಂಠದ ದರ್ಶನ ಹೊಲದಲ್ಲೇ ಆಗಲಿ

ವಿಜಯದಶಮಿಯ ದಿನ ನೀಲಕಂಠ ಹಕ್ಕಿ ಕಣ್ಣಿಗೆ ಬಿದ್ದರೆ ಆ ವರ್ಷ ಹಿಡಿದ ಕೆಲಸ ಕೈಗೂಡುತ್ತದೆ ಎಂಬ ನಂಬಿಕೆ ದಖ್ಖನಿನ ಜನರಲ್ಲಿ ತಲೆತಲಾಂತರದಿಂದ ಬಂದದ್ದು. ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವಿನ ರಾಜೇಶ್ವರದ ಸೀಮೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. 1956ರವರೆಗೆ ಈ ಸೀಮೆಯಿರುವ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದೊಳಗಿತ್ತು. ಹಾಗಾಗಿ ಭಾಷೆಯಂತೆಯೇ ಹಬ್ಬದ ಆಚರಣೆಗಳೂ ಕಥೆಗಳೂ ಗಡಿ ನೋಡದೆ ಓಡಾಡಿವೆ. ತೆಲಂಗಾಣದವರು ಪಾಲಪಿಟ್ಟ ಎಂದು ಕರೆಯುವುದು ಇದೇ ಹಕ್ಕಿಯನ್ನು. ಅಜ್ಞಾತವಾಸ ಮುಗಿಸಿದ ಪಾಂಡವರಿಗೆ ಇದು ಎದುರಾಗಿ ಗೆಲುವು ತಂದಿತೆಂದು ಅಲ್ಲಿಯವರು ಹೇಳುತ್ತಾರೆ. ರಾವಣನ ಮೇಲೆ ದಂಡೆತ್ತಿ ಹೊರಟ ರಾಮನಿಗೆ ಕಂಡಿತೆಂದು ಉತ್ತರದವರು ಹೇಳುತ್ತಾರೆ. ಹೆಸರಿನಲ್ಲಂತೂ ಶಿವನೇ ಇದ್ದಾನೆ. ಕರ್ನಾಟಕ, ತೆಲಂಗಾಣ, ಒಡಿಶಾ ಮೂರೂ ರಾಜ್ಯಗಳು ಇದನ್ನು ರಾಜ್ಯಪಕ್ಷಿ ಮಾಡಿಕೊಂಡಿವೆ. ಇಷ್ಟೆಲ್ಲ ಮಾನ ಕೊಟ್ಟ ನಾವು ಅದರ ಮರವನ್ನು, ಬಯಲನ್ನು, ಊಟವನ್ನು ಒಂದೊಂದಾಗಿ ಕಸಿದುಕೊಳ್ಳುತ್ತಿದ್ದೇವೆ. ಹಕ್ಕಿಯ ನೆಲೆಯನ್ನು ಉಳಿಸದ ಗೌರವಕ್ಕೆ ಬೆಲೆಯಿಲ್ಲ. ನೀಲಕಂಠದ ದರ್ಶನ ಅದು ಬಾಳುವ ಹೊಲದಲ್ಲೇ ಆಗಬೇಕು, ಆ ಹೊಲ ಅದಕ್ಕೆ ಬಾಳಲು ತಕ್ಕಂತೆ ಇರಬೇಕು.

ಈ ಮಾತು ಸಂಪ್ರದಾಯಕ್ಕೆ ಹೊರಗಿನದಲ್ಲ, ಸಂಪ್ರದಾಯದ ಒಳಗಿನದೇ. ದಸರೆಯ ದಿನ ಬನ್ನಿ ಮುಡಿಯಲು ಊರಿನ ಜನ ಸೀಮೆ ದಾಟಿ ಹೋಗುತ್ತಾರೆ. ಸೀಮೋಲ್ಲಂಘನ ಎನ್ನುವ ಈ ನಡಿಗೆಯ ಕೊನೆಗೆ ಬನ್ನಿ ಮರದ ಪೂಜೆಯಾಗಿ, ಎಲೆ ಹಂಚಿಕೊಂಡು, ಬಂಗಾರದಂತೆ ಇರೋಣ ಎಂದು ಹಾರೈಸಿಕೊಂಡು, ಹಿರಿಯರ ಕಾಲಿಗೆರಗಿ ಮನೆಗೆ ಬರುವುದು ರೂಢಿ. ಆ ಹೊತ್ತಿಗೆ ನಮ್ಮ ಕಡೆ ಮುಂಗಾರಿನ ಪೈರು ಕೊಯ್ಲಿಗೆ ಬಂದಿರುತ್ತದೆ, ತೊಗರಿ ಎತ್ತರಕ್ಕೆ ನಿಂತಿರುತ್ತದೆ, ಹಿಂಗಾರಿ ಜೋಳದ ಬಿತ್ತನೆಗೆ ನೆಲ ಹದವಾಗುತ್ತಿರುತ್ತದೆ. ಪೈರು ತೆಗೆದ ನೆಲದಲ್ಲಿ ಮಿಡತೆ, ಜೀರುಂಡೆಗಳು ಬಯಲಿಗೆ ಬೀಳುತ್ತವೆ, ಅವುಗಳನ್ನು ಹುಡುಕಿಕೊಂಡು ನೀಲಕಂಠ ಬರುತ್ತದೆ. ಊರು ಬಿಟ್ಟು ಹೊಲದ ಹಾದಿ ಹಿಡಿದವರಿಗೆ ಅದು ಕಾಣಲು ಬೇರೆ ಕಾರಣ ಬೇಕಿರಲಿಲ್ಲ. ಮನುಷ್ಯ ಎದ್ದು ಹಕ್ಕಿಯ ಜಾಗಕ್ಕೆ ಹೋಗುವುದು, ಅದು ಕಂಡರೆ ಕೈ ಮುಗಿಯುವುದು, ಕಾಣದಿದ್ದರೆ ಮುಂದಿನ ವರ್ಷಕ್ಕೆ ಕಾಯುವುದು ಈ ಆಚರಣೆಯ ಹುರುಳು. ಶಕುನಕ್ಕೆ ಬೆಲೆ ಬರುವುದೇ ಅದು ನಮ್ಮ ಕೈಯಲ್ಲಿಲ್ಲ ಎಂಬುದರಿಂದ.

ಈಗ ಅದು ತಿರುವುಮುರುವಾಗಿದೆ. ಹೈದರಾಬಾದ್ ಮತ್ತು ಸುತ್ತಲಿನ ಪಟ್ಟಣಗಳಲ್ಲಿ ದಸರೆಗೆ ಮುನ್ನ ನೀಲಕಂಠಗಳನ್ನು ಬಲೆ ಹಾಕಿ ಹಿಡಿದು, ಗುಡಿಯ ಮುಂದೆ, ಬಡಾವಣೆಗಳ ಬಾಗಿಲಿಗೆ ಪಂಜರದಲ್ಲಿ ತಂದು, ದುಡ್ಡು ತೆಗೆದುಕೊಂಡು ದರ್ಶನ ಮಾಡಿಸುವುದು ವರ್ಷವರ್ಷವೂ ವರದಿಯಾಗುತ್ತದೆ. ಬಿಡಿಸಿ ತಂದ ಹಕ್ಕಿಗಳ ಕಾಲು ಕಟ್ಟಿರುತ್ತದೆ, ಹಾರದಂತೆ ಪುಕ್ಕಕ್ಕೆ ಅಂಟು ಬಳಿದಿರುತ್ತದೆ. ಜೀವಂತ ಹುಳುಗಳನ್ನು ಹಿಡಿದು ತಿನ್ನುವ ಹಕ್ಕಿಗೆ ಪಂಜರದಲ್ಲಿ ಕಾಳು ಹಾಕಿದರೆ ಅದು ಉಪವಾಸವೇ. ನೀರು ಕಾಣದೆ, ಹೆದರಿ, ಕೆಲವು ಹಬ್ಬ ಮುಗಿಯುವುದರೊಳಗೆ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಲೆ ಹಾಕಿ ಹಿಡಿಯುವುದೂ ಬೇಟೆಯೇ, ಪಂಜರದಲ್ಲಿ ಇಟ್ಟುಕೊಳ್ಳುವುದೂ ಅಪರಾಧವೇ. ಕಾನೂನಿನ ಮಾತು ಪಕ್ಕಕ್ಕಿಟ್ಟು ಧರ್ಮದ ಮಾತೇ ಆಡಿದರೂ ಈ ದರ್ಶನ ಸಲ್ಲುವುದಿಲ್ಲ. ಕಟ್ಟಿಹಾಕಿದ ಹಕ್ಕಿಯಿಂದ ಶುಭ ಬೇಡುವುದನ್ನು ಯಾವ ಶಾಸ್ತ್ರವೂ ಒಪ್ಪಲಾರದು. ದಯೆಯನ್ನೇ ಧರ್ಮದ ಬುನಾದಿಯಾಗಿ ಕಂಡ ಶರಣರ ಕಲ್ಯಾಣ ಪಕ್ಕದಲ್ಲೇ ಇರುವ ಈ ನೆಲಕ್ಕಂತೂ ಅದು ಒಪ್ಪುವ ಮಾತೇ ಅಲ್ಲ.

ಪಂಜರ ಕಣ್ಣಿಗೆ ಕಾಣುವ ಹಿಂಸೆ. ಕಣ್ಣಿಗೆ ಕಾಣದೆ ನಡೆಯುತ್ತಿರುವುದು ಅದಕ್ಕಿಂತ ದೊಡ್ಡದು. ಅದು ತಿಳಿಯಬೇಕಾದರೆ ಹಕ್ಕಿಯ ಬದುಕನ್ನು ಹತ್ತಿರದಿಂದ ನೋಡಬೇಕು. ಹೊಲದ ಬದುವಿನ ಒಣಕೊಂಬೆಯ ಮೇಲೋ ವಿದ್ಯುತ್ ತಂತಿಯ ಮೇಲೋ ಕೂತ ನೀಲಕಂಠ ಮೊದಲ ನೋಟಕ್ಕೆ ಮಂಕು ಕಂದುಬಣ್ಣದ, ದಪ್ಪ ತಲೆಯ, ಪಾರಿವಾಳದಷ್ಟು ಗಾತ್ರದ ಹಕ್ಕಿ. ತುಂಬಾ ಹೊತ್ತು ಅಲುಗದೆ ನೆಲವನ್ನೇ ದಿಟ್ಟಿಸುತ್ತದೆ. ಮಿಡತೆಯೊಂದು ಅಲ್ಲಾಡಿದ್ದೇ ತಡ, ರೆಕ್ಕೆ ಬಿಚ್ಚಿ ಜಾರಿಕೊಂಡು ಇಳಿಯುತ್ತದೆ. ಆಗ ತಿಳಿನೀಲಿ ಕಡುನೀಲಿಗಳ ಪಟ್ಟೆ ಫಕ್ಕನೆ ತೆರೆದುಕೊಳ್ಳುತ್ತದೆ. ಹಿಡಿದದ್ದನ್ನು ಕೊಂಬೆಗೆ ತಂದು ಬಡಿದು ನುಂಗುತ್ತದೆ. ಮಿಡತೆ, ಜೀರುಂಡೆ, ರೆಕ್ಕೆಗೆದ್ದಲು, ಸಣ್ಣ ಹಲ್ಲಿ, ಕಪ್ಪೆ, ಕೆಲವೊಮ್ಮೆ ಇಲಿಮರಿ ಅದರ ಆಹಾರ. ಬೇಸಿಗೆಯಲ್ಲಿ ಜೊತೆಗಾತಿಯನ್ನು ಒಲಿಸಲು ಗಂಡು ಮೇಲಕ್ಕೇರಿ, ಗಾಳಿಯಲ್ಲಿ ಉರುಳುರುಳಿ, ಒರಟಾಗಿ ಕೂಗುತ್ತ ಕೆಳಗೆ ಬೀಳುತ್ತದೆ. ಗೂಡು ಮರದ ಪೊಟರೆಯಲ್ಲಿ, ಇಲ್ಲವೇ ಹಳೇ ಗೋಡೆಯ ಸಂದಿನಲ್ಲಿ. ತಾನಾಗಿ ಮರ ಕೊರೆಯುವ ಶಕ್ತಿ ಅದಕ್ಕಿಲ್ಲ. ಮುಪ್ಪಾದ ಮರದಲ್ಲಿ ತಾನೇ ಆದ ಅಥವಾ ಬೇರೆ ಹಕ್ಕಿ ಮಾಡಿಟ್ಟ ಪೊಟರೆಯೇ ಗತಿ. ಅಂದರೆ ಅದಕ್ಕೆ ಬೇಕಾದ್ದು ಮೂರು: ಕೂತು ನೋಡಲು ಎತ್ತರದ ಜಾಗ, ಕೆಳಗೆ ಹುಳುಗಳಿರುವ ತೆರೆದ ನೆಲ, ಮರಿ ಮಾಡಲು ಹಳೆಯ ಮರ. ಮೂರರಲ್ಲಿ ಒಂದು ತಪ್ಪಿದರೂ ಅದರ ಸಂಸಾರ ನಡೆಯದು.

ಈ ಹಕ್ಕಿಯ ಬಣ್ಣವೇ ಹಿಂದೊಮ್ಮೆ ಅದಕ್ಕೆ ಶತ್ರುವಾಗಿತ್ತು. ಯುರೋಪಿನ ಹೆಂಗಸರ ಟೋಪಿಗಳಿಗೆ ಪುಕ್ಕ ಸಿಕ್ಕಿಸುವ ಶೋಕಿ ಇದ್ದ ಕಾಲದಲ್ಲಿ ಭಾರತದಿಂದ ಹಡಗು ಹತ್ತಿದ ಗರಿಗಳಲ್ಲಿ ನೀಲಕಂಠದ್ದು ಮುಖ್ಯವಾದದ್ದು. 1902ರಲ್ಲಿ ಬ್ರಿಟಿಷ್ ಸರ್ಕಾರ ಪುಕ್ಕಗಳ ರಫ್ತನ್ನು ನಿಷೇಧಿಸಿತು, ಮುಂದೆ ಶೋಕಿಯೂ ಅಳಿಯಿತು, ಹಕ್ಕಿ ಉಳಿಯಿತು. ಈ ಸಲದ ಕಂಟಕಕ್ಕೆ ಅಂಥ ಒಂದೇ ಕಾರಣವಿಲ್ಲ, ಒಂದು ಆದೇಶದಿಂದ ನಿಲ್ಲುವಂಥದ್ದೂ ಅಲ್ಲ. 2023ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ದೇಶದ ಸಾವಿರಾರು ಪಕ್ಷಿ ವೀಕ್ಷಕರು ಬರೆದಿಟ್ಟ ಸುಮಾರು ಮೂರು ಕೋಟಿ ದಾಖಲೆಗಳನ್ನು ಆಧರಿಸಿದ್ದು. ಶೇ 30ಕ್ಕೂ ಹೆಚ್ಚು ಇಳಿಕೆ ಕಂಡಿರುವ, ಅಪಾಯದ ಪಟ್ಟಿಯಲ್ಲಿ ಅವುಗಳ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕಾದ 14 ಪಕ್ಷಿಗಳಲ್ಲಿ ನೀಲಕಂಠವನ್ನೂ ಅದು ಸೇರಿಸಿದೆ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ಸದ್ಯಕ್ಕೆ ಚಿಂತೆಯಿಲ್ಲದ ಹಕ್ಕಿ. ಹಾಗಿದ್ದರೆ ಗಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಎಲ್ಲೆಡೆ ಕಾಣುವ ಹಕ್ಕಿ ಕಡಿಮೆಯಾಗುವುದು ಯಾರ ಗಮನಕ್ಕೂ ಬಾರದೆಂಬುದೇ ಗಾಬರಿಗೆ ಕಾರಣ. ನಾಲ್ಕು ಕಂಡಲ್ಲಿ ಮೂರು ಕಂಡರೆ ಯಾರೂ ಲೆಕ್ಕ ಇಡುವುದಿಲ್ಲ. ಒಂದೂ ಕಾಣದಾದಾಗ ಮಾಡಲು ಏನೂ ಉಳಿದಿರುವುದಿಲ್ಲ.

ಲಾಂಛನಕ್ಕೆ ಏರಿಸಿದ ಮಾತ್ರಕ್ಕೆ ಹಕ್ಕಿ ಉಳಿಯುವುದಿಲ್ಲ ಎಂಬುದಕ್ಕೆ ಆಸ್ಟ್ರೇಲಿಯಾದ ಎಮುವಿನ ಕಥೆ ಸಾಕ್ಷಿ. ಆ ದೇಶ 1908ರಲ್ಲಿ ತನ್ನ ರಾಷ್ಟ್ರಲಾಂಛನದಲ್ಲಿ ಕಾಂಗರೂ ಜೊತೆಗೆ ಎಮುವನ್ನು ನಿಲ್ಲಿಸಿತು. 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಹೊಲಗಳಿಗೆ ಎಮುಗಳು ನುಗ್ಗಿದಾಗ ಅದೇ ದೇಶ ಅವುಗಳ ಮೇಲೆ ಮೆಷಿನ್ ಗನ್ ಹಿಡಿದ ಸೈನಿಕರನ್ನು ಕಳಿಸಿತು. ಸೇನೆ ಬರಿಗೈಯಲ್ಲಿ ವಾಪಸಾಯಿತು ಎಂದು ಜನ ಇಂದಿಗೂ ನಗುತ್ತಾರೆ. ಆದರೆ ಆಮೇಲೆ ಕೊಂದವರಿಗೆ ಬಹುಮಾನ ಕೊಡುವ ಪದ್ಧತಿ ಜೋರಾಗಿ, 1934ರಲ್ಲಿ ಆರೇ ತಿಂಗಳಲ್ಲಿ 57,000ಕ್ಕೂ ಹೆಚ್ಚು ಎಮುಗಳಿಗೆ ಬಹುಮಾನ ಸಂದಾಯವಾಯಿತು. ಟಾಸ್ಮೇನಿಯಾ, ಕಿಂಗ್ ದ್ವೀಪ, ಕಾಂಗರೂ ದ್ವೀಪಗಳ ಎಮುಗಳಂತೂ ಲಾಂಛನ ಹುಟ್ಟುವುದಕ್ಕೆ ಮೊದಲೇ, 19ನೇ ಶತಮಾನದಲ್ಲೇ ನಿರ್ನಾಮವಾಗಿದ್ದವು. ಅದೇ ನೆಲದ ಮೂಲನಿವಾಸಿಗಳು ಎಮುವಿಗೆ ಕೊಟ್ಟ ಜಾಗ ಬೇರೆಯದು. ಕಮಿಲರೋಯಿ ಜನ ಆಕಾಶಗಂಗೆಯ ಕಪ್ಪು ಪಟ್ಟೆಗಳಲ್ಲಿ ದೊಡ್ಡ ಎಮುವನ್ನು ಗುರುತಿಸುತ್ತಾರೆ. ಸಂಜೆಯ ಬಾನಿನಲ್ಲಿ ಅದರ ಭಂಗಿ ತಿಂಗಳು ತಿಂಗಳಿಗೆ ಬದಲಾದಂತೆ ನೆಲದ ಎಮುಗಳ ಜೋಡಿಯಾಟ, ಮೊಟ್ಟೆ ಇಡುವ ಕಾಲ, ಕಾವು ಕೂರುವ ಕಾಲ ತಿಳಿಯುತ್ತದೆ. ಮೊಟ್ಟೆ ಯಾವಾಗ ಆಯಬಹುದೆಂಬ ತಿಳಿವಳಿಕೆಯೂ ಅದರಲ್ಲೇ ಇದೆ. ಹಕ್ಕಿಯ ಬದುಕಿನ ಜೊತೆ ಹೆಣೆದುಕೊಂಡ ಸಂಸ್ಕೃತಿಗೂ ಹಕ್ಕಿಯ ಚಿತ್ರವನ್ನು ಮಾತ್ರ ಹೊತ್ತ ಸಂಸ್ಕೃತಿಗೂ ಇರುವ ಅಂತರ ಇದು. ಸೀಮೋಲ್ಲಂಘನ ಮೊದಲನೆಯ ಬಗೆಯದು, ಪಂಜರದ ದರ್ಶನ ಎರಡನೆಯದು.

ನೀಲಕಂಠಕ್ಕೆ ಆಸ್ಟ್ರೇಲಿಯಾದಲ್ಲಿ ಒಬ್ಬ ದೂರದ ನೆಂಟನಿದ್ದಾನೆ, ಕುಕ್ಕಬುರ. ನಗುವಿನಂಥ ಕೂಗಿಗೆ ಲೋಕಪ್ರಸಿದ್ಧವಾದ ಈ ಮಿಂಚುಳ್ಳಿ ನೀಲಕಂಠದ ಗಣಕ್ಕೇ ಸೇರಿದ್ದು. ಕೊಂಬೆಯ ಮೇಲೆ ಕಾದು ಕೂತು ನೆಲಕ್ಕೆ ಎರಗುವ ಬೇಟೆಯ ರೀತಿಯೂ ಅದೇ, ಗೂಡಿಗೆ ಪೊಟರೆ ಬೇಕೆಂಬ ಕಷ್ಟವೂ ಅದೇ. ಸಿಡ್ನಿಯಲ್ಲಿ 2000ದ ಒಲಿಂಪಿಕ್ಸ್ ನಡೆದಾಗ ಅದನ್ನು ಮೂರು ಲಾಂಛನ ಪ್ರಾಣಿಗಳಲ್ಲಿ ಒಂದಾಗಿ ಮೆರೆಸಿದರು. ಅಷ್ಟಕ್ಕೇ ಬಿಡಲಿಲ್ಲ ಎಂಬುದು ನಾವು ಕಲಿಯಬೇಕಾದ ಸಂಗತಿ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯ ಪೊಟರೆಗಳಿರುವ ಮರಗಳ ನಾಶವನ್ನೇ ಜೀವಿಗಳಿಗೆ ಒದಗಿದ ಮುಖ್ಯ ಬೆದರಿಕೆಗಳ ಕಾನೂನುಬದ್ಧ ಪಟ್ಟಿಗೆ ಸೇರಿಸಿತು. ಮುದಿಮರಕ್ಕೂ ಸತ್ತ ಮರಕ್ಕೂ ಬೆಲೆಯಿದೆ ಎಂದು ಸರ್ಕಾರವೊಂದು ಬರೆದುಕೊಟ್ಟ ಮಾತು ಅದು. ನಮ್ಮಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ, ಗಿಡ ನೆಡುವ ಉತ್ಸಾಹವೂ ಇದೆ. ಆದರೆ ಒಣಗಿದ ಮರ ಎಂದರೆ ಸೌದೆ ಎಂದೇ ಎಲ್ಲರ ಲೆಕ್ಕ. ಹೊಸದಾಗಿ ನೆಟ್ಟ ಸಸಿಯಲ್ಲಿ ಪೊಟರೆ ಆಗಲು ಎಷ್ಟೋ ದಶಕ ಬೇಕು. ಅಲ್ಲಿಯವರೆಗೆ ನೀಲಕಂಠ ಎಲ್ಲಿ ಮರಿ ಮಾಡಬೇಕು?

ಇದನ್ನು ರಾಜೇಶ್ವರದ ಸುತ್ತಲಿನ ನೆಲಕ್ಕೆ ಹೊಂದಿಸಿ ನೋಡಬೇಕು. ಹೈದರಾಬಾದ್, ಸೋಲಾಪುರಗಳನ್ನು ಕೂಡಿಸುವ ಹೆದ್ದಾರಿಯ ಈ ಪಟ್ಟಿಯಲ್ಲಿ ಕಾಡು ಕಡಿಮೆ, ಹೊಲವೇ ಹೆಚ್ಚು. ನೀಲಕಂಠಕ್ಕೆ ಅದು ಕೊರತೆಯಾಗಿರಲಿಲ್ಲ, ಯಾಕೆಂದರೆ ಅದು ಕಾಡಿನ ಹಕ್ಕಿಯೇ ಅಲ್ಲ. ಬದುವಿನ ಬೇವು, ಜಾಲಿ, ಹಳ್ಳದ ದಂಡೆಯ ಈಚಲು, ರಸ್ತೆ ಬದಿಯ ಹುಣಸೆ, ಆಲ ಇವೇ ಅದರ ಮನೆ. ರಸ್ತೆ ಅಗಲವಾದಲ್ಲೆಲ್ಲ ಮೊದಲು ಹೋಗುವುದು ಸಾಲುಮರ. ಟ್ರ್ಯಾಕ್ಟರ್ ತಿರುಗಲು ಜಾಗ ಬೇಕೆಂದು ಬದು ಕಿರಿದಾಗುತ್ತದೆ, ನೆರಳಿನಿಂದ ಬೆಳೆ ಕಡಿಮೆಯೆಂದು ಬೇವು ಬೀಳುತ್ತದೆ. ಜೋಳ, ಹೆಸರು, ಉದ್ದು, ತೊಗರಿ ಕಲೆತು ಬೆಳೆಯುತ್ತಿದ್ದ ಕಡೆ ಸೋಯಾ ಒಂದೇ ಎಕರೆಗಟ್ಟಲೆ ಹಬ್ಬಿದೆ, ನೀರಿದ್ದಲ್ಲಿ ಕಬ್ಬು ನಿಂತಿದೆ. ಎದೆಯೆತ್ತರದ ಕಬ್ಬಿನೊಳಗೆ ನೆಲ ನೋಡಿ ಬೇಟೆಯಾಡುವ ಹಕ್ಕಿಗೆ ಕೆಲಸವಿಲ್ಲ. ಸೋಯಾ, ತೊಗರಿಗೆ ಹುಳ ಬಿತ್ತೆಂದರೆ ಔಷಧ ಹೊಡೆಯುವುದು ಒಂದೆರಡು ಸಲಕ್ಕೆ ಮುಗಿಯುವುದಿಲ್ಲ. ಆ ಔಷಧಕ್ಕೆ ಬೆಳೆ ತಿನ್ನುವ ಹುಳ, ತಿನ್ನದ ಹುಳ ಎಂಬ ಭೇದ ಗೊತ್ತಿಲ್ಲ. ಹಕ್ಕಿಯ ಊಟವೇ ಖಾಲಿಯಾಗುತ್ತದೆ.

ಇಲ್ಲಿ ರೈತರು ಎತ್ತುವ ಆಕ್ಷೇಪ ತೂಕದ್ದು. ಸಾಲ ಮಾಡಿ ಬಿತ್ತಿದ ತೊಗರಿಯನ್ನು ಕಾಯಿಕೊರಕ ತಿನ್ನುವಾಗ ಹಕ್ಕಿಗೆಂದು ಹುಳ ಬಿಡಿ ಎನ್ನಲು ಯಾರಿಗೂ ಹಕ್ಕಿಲ್ಲ. ರಾಜ್ಯಪಕ್ಷಿಯ ಭಾರವನ್ನು ಎರಡೆಕರೆಯ ರೈತನ ಹೆಗಲಿಗೆ ಹೊರಿಸುವುದೂ ನ್ಯಾಯವಲ್ಲ. ಆದರೆ ಇಲ್ಲಿ ಹಕ್ಕಿಯ ಹಿತವೂ ರೈತನ ಹಿತವೂ ಎದುರುಬದುರಾಗಿ ನಿಂತಿಲ್ಲ. ತೊಗರಿ, ಕಡಲೆಯ ಸಮಗ್ರ ಕೀಟ ನಿರ್ವಹಣೆಯಲ್ಲಿ ಹಕ್ಕಿ ಕೂರಲು ಹೊಲದಲ್ಲಿ ಅಲ್ಲಲ್ಲಿ ಕವಲು ಕಡ್ಡಿ ನೆಡಿ ಎಂದು ಕೃಷಿ ವಿಜ್ಞಾನಿಗಳೇ ಹೇಳುತ್ತಾರೆ. ಕಡಲೆಯ ಜೊತೆ ಒಂದಿಷ್ಟು ಜೋಳದ ಕಾಳು ಬೆರೆಸಿ ಬಿತ್ತಿದರೆ ಎತ್ತರದ ಜೋಳದ ದಂಟೇ ಹಕ್ಕಿಗೆ ಕೂರುವ ಜಾಗವಾಗುತ್ತದೆ. ತೊಗರಿ ಗಿಡ ಅಲುಗಾಡಿಸಿ ಹುಳಗಳನ್ನು ಬಟ್ಟೆಯ ಮೇಲೆ ಬೀಳಿಸಿ ತೆಗೆಯುವ ವಿಧಾನವನ್ನು ಪಕ್ಕದ ಕಲಬುರಗಿಯ ರೈತರು ಬಲ್ಲರು. ಔಷಧ ಪೂರ್ತಿ ನಿಲ್ಲಿಸಿ ಎಂಬುದು ಇಲ್ಲಿನ ಬೇಡಿಕೆಯಲ್ಲ. ಹುಳ ಎಣಿಸಿ, ಮಿತಿ ಮೀರಿದಾಗಷ್ಟೇ ಹೊಡೆಯಿರಿ ಎಂಬುದು. ಹೊಡೆಯದೇ ಉಳಿದ ಒಂದು ಸಲದ ಔಷಧ ರೈತನ ಜೇಬಿಗೂ ಉಳಿತಾಯವೇ. ಅದನ್ನು ಹೇಳಿಕೊಡಲು ರೈತ ಸಂಪರ್ಕ ಕೇಂದ್ರದವರು ಹೊಲಕ್ಕೆ ಇಳಿಯಬೇಕು. ಬದುವಿನ ಹಳೆಮರ ಉಳಿಸಿಕೊಂಡ ರೈತನಿಗೆ ಏನಾದರೂ ನೆರವು ಕೊಡುವುದು ರಾಜ್ಯಪಕ್ಷಿ ಎಂದು ಘೋಷಿಸಿದ ಸರ್ಕಾರದ ಹೊಣೆ.

ಇನ್ನೆರಡು ಆಕ್ಷೇಪಗಳಿವೆ. ಪಟ್ಟಣದಲ್ಲಿರುವವರು, ನಡೆಯಲಾಗದ ವಯಸ್ಸಾದವರು ಹೊಲಕ್ಕೆ ಹೋಗಿ ಹಕ್ಕಿ ಹುಡುಕುವುದು ಹೇಗೆ, ಅವರ ನಂಬಿಕೆಗೆ ಬೆಲೆಯಿಲ್ಲವೇ ಎಂಬುದು ಒಂದು. ಬೆಲೆಯಿದೆ; ಆದರೆ ಹಕ್ಕಿ ಕಾಣದಿದ್ದರೆ ಹಬ್ಬ ಕೆಟ್ಟಿತೆಂದು ಯಾರೂ ಹೇಳಿಲ್ಲ, ಬನ್ನಿ ಕೊಟ್ಟು ಹಾರೈಸುವುದಕ್ಕೆ ಹಕ್ಕಿಯ ಕಾಲು ಕಟ್ಟಬೇಕಾಗಿಯೂ ಇಲ್ಲ. ಹಕ್ಕಿ ಹಿಡಿದು ತರುವವರೂ ಬಡವರು, ಹಬ್ಬದ ನಾಲ್ಕು ಕಾಸು ಅವರ ಪಾಲಿಗೆ ದೊಡ್ಡದು ಎಂಬುದು ಇನ್ನೊಂದು. ಇದನ್ನು ತಳ್ಳಿಹಾಕುವಂತಿಲ್ಲ. ದುಡ್ಡು ಕೊಟ್ಟು ದರ್ಶನ ಮಾಡುವವನನ್ನು ಬಿಟ್ಟು ಬಲೆ ಹಾಕಿದವನ ಮೇಲೆ ಮಾತ್ರ ಕೇಸು ಹಾಕುವುದರಿಂದ ನ್ಯಾಯವೂ ಆಗದು, ಪಂಜರವೂ ನಿಲ್ಲದು. ಹಕ್ಕಿ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಪೊಟರೆಯಲ್ಲಿ ಮರಿಯಿದೆ ಎಂಬುದು ಹಕ್ಕಿ ಹಿಡಿಯುವವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಜನರನ್ನು ಹೊಲಕ್ಕೆ ಕರೆದೊಯ್ದು ತೋರಿಸುವ ಕೆಲಸಕ್ಕೆ ಅವರಿಗೇ ಕೂಲಿ ಕೊಟ್ಟರೆ ಅದೇ ಅರಿವು ಹಕ್ಕಿಯನ್ನು ಕಾಯುತ್ತದೆ.

ಇದಕ್ಕೆ ಬೇಕಾದ ಸಿದ್ಧತೆ ದೊಡ್ಡದೇನಲ್ಲ. ನಮ್ಮ ಭಾಗದಲ್ಲಿ ಎಳ್ಳಮಾವಾಸ್ಯೆಗೆ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಬಂಧು ಬಳಗದ ಸಮೇತ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲುವ ರೂಢಿ ಇಂದಿಗೂ ಗಟ್ಟಿಯಾಗಿದೆ. ಹೊಲದ ದಾರಿ ಮರೆಯದ ಜನರಿಗೆ ದಸರೆಯ ಬೆಳಿಗ್ಗೆ ಅದೇ ದಾರಿ ಹಿಡಿಯುವುದು ಕಷ್ಟವಾಗದು. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ತಮ್ಮ ಸೀಮೆಯ ಪೊಟರೆಮರಗಳನ್ನು ಗುರುತಿಸಿ, ಕಡಿಯಬಾರದೆಂದು ಠರಾವು ಮಾಡಲಿ. ರಸ್ತೆ, ತಂತಿಗಾಗಿ ಮರ ತೆಗೆಯಲೇಬೇಕಾದಾಗ ಮರಿ ಮಾಡುವ ಬೇಸಿಗೆಯ ತಿಂಗಳುಗಳನ್ನು ಬಿಟ್ಟು ತೆಗೆಯಲಿ. ಶಾಲೆಯ ಮಕ್ಕಳು ಪ್ರತಿ ದಸರೆಗೆ ತಮ್ಮ ಊರಿನ ಹೊಲಗಳಲ್ಲಿ ಎಷ್ಟು ನೀಲಕಂಠ ಕಂಡವೆಂದು ಎಣಿಸಿ ಬರೆದಿಡಲಿ. ಹತ್ತು ವರ್ಷದ ಅಂಥ ಲೆಕ್ಕ ಯಾವ ಭಾಷಣಕ್ಕಿಂತಲೂ ಹೆಚ್ಚು ಹೇಳುತ್ತದೆ. ಬನ್ನಿ ಪೂಜೆಯ ಹಿರಿಯರು, ಗುಡಿಯ ಅರ್ಚಕರು, ಮಠದ ಸ್ವಾಮಿಗಳು ಪಂಜರದ ದರ್ಶನ ದರ್ಶನವಲ್ಲ ಎಂದು ಒಂದು ಮಾತು ಹೇಳಿದರೆ ಅರಣ್ಯ ಇಲಾಖೆಯ ನೂರು ಎಚ್ಚರಿಕೆಗಿಂತ ಅದು ಬೇಗ ಮುಟ್ಟುತ್ತದೆ. ಪಂಜರದ ಹಾವಳಿ ಗಡಿ ದಾಟಿ ಬಂದು ಬೇರೂರುವ ಮುಂಚೆಯೇ ಆ ಮಾತು ಬರಲಿ. ನಮ್ಮ ಹೊಲದ ಮೇಲೆ ಹಾರುವ ಹಕ್ಕಿಯನ್ನು ಉಳಿಸಿಕೊಳ್ಳುವ ಶಕ್ತಿ ನಮ್ಮ ಊರಿಗೇ ಇದೆ. ಅದನ್ನು ಈ ದಸರೆಯಿಂದಲೇ ಬಳಸಬೇಕು.