ನಮ್ಮ ಕಾಗದ ಒಡೆಯಲು ಯಾರ ಅಪ್ಪಣೆ?



ರಿಜಿಸ್ಟರ್ಡ್ ಕಾಗದ ಬಂದಾಗ ನೀವು ಬೇಡವೆಂದರೆ ಪೋಸ್ಟ್‌ಮ್ಯಾನ್ ಲಕೋಟೆಯ ಮೇಲೆ ‘ನಿರಾಕರಿಸಿದ್ದಾರೆ’ ಎಂದು ಷರಾ ಬರೆದು, ತಾರೀಖು ಹಾಕಿ, ಸಹಿ ಮಾಡಿ ವಾಪಸು ಕಳಿಸುತ್ತಾರೆ. ಚೆಕ್ ಬೌನ್ಸ್ ಮೊಕದ್ದಮೆಯಲ್ಲಿ ಆ ಷರಾಕ್ಕೆ ಎಷ್ಟು ತೂಕವಿದೆ ಎಂದು ಯಾವ ವಕೀಲರನ್ನಾದರೂ ಕೇಳಿ. ಸರಿಯಾದ ವಿಳಾಸ ಬರೆದು ಅಂಚೆಗೆ ಹಾಕಿದ ಮೇಲೆ ನೋಟಿಸ್ ಮುಟ್ಟಿತೆಂದೇ ಲೆಕ್ಕ. ಮುಟ್ಟಲಿಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಅಂಚೆಯನ್ನು ಕಾನೂನು ಅಷ್ಟು ನಂಬುತ್ತದೆ. ನಂಬಲಿ. ಅದೇ ಅಂಚೆಗೆ ನಾವು ಒಪ್ಪಿಸಿದ ಲಕೋಟೆಗೆ ಕಾವಲು ಯಾರು ಎಂಬುದಷ್ಟೇ ನಮ್ಮ ಪ್ರಶ್ನೆ.

ಬ್ರಿಟಿಷರ 1898ರ ಕಾಯ್ದೆ ಹೋಯಿತು. 2024ರ ಜೂನ್ 18ರಿಂದ ಜಾರಿಯಲ್ಲಿರುವುದು ಅಂಚೆ ಕಚೇರಿ ಕಾಯ್ದೆ, 2023. ಕಾಗದ ಸಾಗಿಸುವ ಏಕಸ್ವಾಮ್ಯವನ್ನು ಅದು ಕೈಬಿಟ್ಟಿದೆ (ಕೊರಿಯರ್‌ಗಳ ಕಾಲದಲ್ಲಿ ಅದು ಹೆಸರಿಗಷ್ಟೇ ಇತ್ತು). ಅಂಚೆ ಚೀಟಿ ಹೊರಡಿಸುವ ಹಕ್ಕನ್ನು ಉಳಿಸಿಕೊಂಡಿದೆ. ಸರಿಯೇ.

9ನೇ ಕಲಮಿಗೆ ಬನ್ನಿ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ‘ಯಾವುದೇ ಅಧಿಕಾರಿ’ಗೆ ಅಂಚೆಯಲ್ಲಿರುವ ಯಾವ ವಸ್ತುವನ್ನಾದರೂ ತಡೆಯುವ, ಒಡೆಯುವ ಅಧಿಕಾರ ಕೊಡಬಹುದು. ದರ್ಜೆ ಹೇಳಿಲ್ಲ. ಕಾರಣವನ್ನು ಬರೆದಿಡಬೇಕೆಂದಿಲ್ಲ. ಅವಧಿ ಇಲ್ಲ. ಆಮೇಲೆ ಪರಿಶೀಲಿಸುವ ಸಮಿತಿಯೂ ಇಲ್ಲ. ಹಳೆಯ ಕಾಯ್ದೆ ಸಾರ್ವಜನಿಕ ತುರ್ತು, ಸುರಕ್ಷತೆ, ಶಾಂತಿಯ ಮಾತಾಡುತ್ತಿತ್ತು. ಹೊಸದು ದೇಶದ ಭದ್ರತೆಯಿಂದ ಶುರುವಾಗಿ ‘ಯಾವುದೇ ಕಾನೂನಿನ ಉಲ್ಲಂಘನೆ’ಯವರೆಗೆ ಬಂದು ನಿಲ್ಲುತ್ತದೆ. ಯಾವುದೇ ಕಾನೂನು ಎಂದರೆ ಎಷ್ಟು ಸಣ್ಣದಾದರೂ ಆಯಿತು!

1986ರಲ್ಲಿ ಇಂಥದ್ದೇ ತಿದ್ದುಪಡಿ ಎರಡೂ ಸದನಗಳನ್ನು ದಾಟಿ ರಾಷ್ಟ್ರಪತಿ ಭವನಕ್ಕೆ ಹೋಗಿತ್ತು. ಆಗಿನ ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಸಹಿ ಹಾಕಲೂ ಇಲ್ಲ, ವಾಪಸು ಕಳಿಸಲೂ ಇಲ್ಲ. ಅವರ ನಂತರ ಬಂದ ವೆಂಕಟರಾಮನ್ 1990ರಲ್ಲಿ ಮರುಪರಿಶೀಲನೆಗೆ ಹಿಂತಿರುಗಿಸಿದರು. ಅದು ಕಾಯ್ದೆಯಾಗಲೇ ಇಲ್ಲ. ಈ ಸಲ ಲೋಕಸಭೆ ಒಪ್ಪಿದ್ದು 2023ರ ಡಿಸೆಂಬರ್ 18ರಂದು, ಅಂಕಿತ ಬಿದ್ದದ್ದು 24ರಂದು.

ಅದೇ 24ರಂದು ದೂರಸಂಪರ್ಕ ಕಾಯ್ದೆಗೂ ಅಂಕಿತ ಬಿತ್ತು. ಅದರಡಿ 2024ರ ಡಿಸೆಂಬರ್‌ನಲ್ಲಿ ಬಂದ ನಿಯಮಗಳ ಪ್ರಕಾರ ಫೋನ್ ಕದ್ದಾಲಿಕೆಗೆ ಸಾಮಾನ್ಯವಾಗಿ ಕೇಂದ್ರದ ಇಲ್ಲವೇ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಆದೇಶದಲ್ಲಿ ಕಾರಣ ಇರಬೇಕು. 60 ದಿನಕ್ಕೆ ಅದು ಮುಗಿಯುತ್ತದೆ, ಮುಂದುವರಿಸಿದರೂ 180 ದಿನ ದಾಟುವಂತಿಲ್ಲ, ಮೇಲೊಂದು ಪರಿಶೀಲನಾ ಸಮಿತಿ. ಈ ಕಟ್ಟುಪಾಡು ತಾನಾಗಿ ಬಂದದ್ದಲ್ಲ. 1996ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಬುನಾದಿ ಹಾಕಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದರು. ಫೋನಿನಲ್ಲಿ ಆಡಿದ ಮಾತಿಗೆ ಇರುವ ಬೇಲಿ ಕೈಯಾರೆ ಬರೆದ ಕಾಗದಕ್ಕೆ ಏಕಿಲ್ಲ?

ಇನ್ನೊಂದು ವಿಚಿತ್ರ. ಅಂಚೆ ನೌಕರ ಕಾಗದ ಕದ್ದರೆ 7 ವರ್ಷ, ಅನುಮತಿಯಿಲ್ಲದೆ ಒಡೆದರೆ 2 ವರ್ಷದವರೆಗೆ ಜೈಲು ಎಂದು ಪರದೇಶಿ ಸರ್ಕಾರವೇ ಬರೆದಿತ್ತು. ಸ್ವದೇಶಿ ಕಾಯ್ದೆಯಿಂದ ಆ ಕಲಮುಗಳು ಮಾಯವಾಗಿವೆ. ಕಳವಿಗೆ ಬೇರೆ ಕಾನೂನಿದೆ ಎನ್ನುತ್ತಾರೆ, ನಿಜ. ಆದರೆ ಒಡೆದು ಓದಿ ಮತ್ತೆ ಅಂಟಿಸಿದ್ದನ್ನು ಕಳವೆಂದು ಸಾಧಿಸುವುದು ಹೇಗೆ? 10ನೇ ಕಲಮಂತೂ ನಿಯಮದಲ್ಲಿ ಹೇಳಿದಷ್ಟನ್ನು ಬಿಟ್ಟು ಇಲಾಖೆಗೆ ಯಾವ ಹೊಣೆಯೂ ಇಲ್ಲವೆನ್ನುತ್ತದೆ. ನೌಕರನ ಮೋಸವನ್ನೋ, ಬೇಕೆಂದೇ ಮಾಡಿದ ಹಾನಿಯನ್ನೋ ನೀವು ರುಜುವಾತು ಮಾಡಬೇಕು.

ಈಗ ಕಾಗದ ಬರೆಯುವವರು ಯಾರು ಎಂದು ನಗಬೇಡಿ. ಪಾಸ್‌ಪೋರ್ಟ್, ಎಟಿಎಂ ಕಾರ್ಡು ಇದೇ ಚೀಲದಲ್ಲಿ ಬರುತ್ತವೆ. ಹಳ್ಳಿಯಿಂದ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸುವ ಆರ್‌ಟಿಐ ಅರ್ಜಿಯೂ ಇದರಲ್ಲೇ ಹೋಗುತ್ತದೆ. ಆ ಅರ್ಜಿ ಯಾರ ಮೇಲಿನದೋ ಅಂಥವರ ಕೈಗೇ ಲಕೋಟೆ ಸಿಗದಂತೆ ಕಾಯ್ದೆಯಲ್ಲಿ ಏನಿದೆ? ಪಾರ್ಸೆಲಿನಲ್ಲಿ ಗಾಂಜಾ ಬಂದರೆ ಹಿಡಿಯಲಿ. ಹಿಡಿಯುವವರು ಕಾರಣ ಬರೆದು ಸಹಿ ಹಾಕಲಿ.

ಆದ್ದರಿಂದ ನಿಮ್ಮ ಸಂಸದರಿಗೆ ಒಂದು ಕಾರ್ಡ್ ಬರೆಯಿರಿ. ಫೋನಿಗಿರುವ ನಿಯಮಗಳನ್ನೇ ಕಾಗದಕ್ಕೂ ತರಬೇಕು, ‘ಯಾವುದೇ ಕಾನೂನು’ ಎಂಬ ಮಾತು 9ನೇ ಕಲಮಿನಿಂದ ಹೋಗಬೇಕು, ಅನುಮತಿಯಿಲ್ಲದೆ ಒಡೆದವರಿಗೆ ಶಿಕ್ಷೆ ಮರಳಿ ಬರಬೇಕು ಎಂದು ಕೇಳಿ. ಒಂದು ಪ್ರತಿಯನ್ನು ಅಂಚೆ ಇಲಾಖೆಯ ಕಾರ್ಯದರ್ಶಿ, ಡಾಕ್ ಭವನ, ಸಂಸದ್ ಮಾರ್ಗ, ನವದೆಹಲಿ 110001 ಇವರಿಗೂ ಹಾಕಿ. ಕನ್ನಡದಲ್ಲೇ ಬರೆಯಿರಿ.